ಉಗ್ರಜ್ವಾಲನ ಬಾಣಂತನ

ಮಂಗೇಶನ ಕೊರಗು ಒಂದೇ. ಮದುವೆಯಾಗಿ ಹನ್ನೊಂದು ವರ್ಷವಾದರೂ ಹೆಂಡತಿ ಮಂಗಲಾ ಅವನಿಗೆ ಒಮ್ಮೆಯೂ ಹೆದರಿರಲಿಲ್ಲ. (ಅವನೋ, ಅವಳು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ.) ತನ್ನಿಂದಾಗದ್ದು ತನ್ನ ಸೃಷ್ಟಿಯಿಂದಾದರೂ ಆಗಲಿ ಎಂದು ಆ ಮಹಾನುಭಾವ ಒಂದು ಡ್ರ್ಯಾಗನ್ ಜಾತಿಯನ್ನೇ ಹುಟ್ಟುಹಾಕಿದ.

ಮಳೆಗಾಲ, ಮೀನುಗಾರಿಕೆ ಬಂದ್. ಕೇಣಿ ಊರಿನ ದೋಣಿಗಳೆಲ್ಲ ದಡದ ಮೇಲಿದ್ದವು. ಕೆಲಸವಿಲ್ಲದ ಮಂಗೇಶ ಮೊಬೈಲು ನೋಡಿ ಹೊಸ ಆಟವೊಂದನ್ನು ಕಲಿತಿದ್ದ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗಿನ ವೀರರಾಗಬೇಕು, ಬೀಸಿದ ಕತ್ತಿ ತಾಗಿತೋ ಇಲ್ಲವೋ ದಾಳ ಹೇಳಬೇಕು. ಕಥೆ ಮಂಗೇಶನದು, ವೀರರು ಅವನದೇ ದೋಣಿಯ ಭಾಸ್ಕರ, ರೋಹಿತ ಮತ್ತು ಇನ್ನೊಬ್ಬ. ಆ ಭಾನುವಾರ ಮೂರನೆಯ ವೀರ ಜ್ವರದಿಂದ ಮಲಗಿದ್ದರಿಂದ ಮಂಗಲಾಳೇ ಒಣಮೀನಿನ ಬುಟ್ಟಿ ಬದಿಗಿಟ್ಟು ಬಂದು ಕೂತಳು.

ಮಂಗೇಶ ನೋಟ್‌ಬುಕ್ ಬಿಡಿಸಿದ. “ಉಗ್ರಜ್ವಾಲ! ಏಳು ದೋಣಿ ಉದ್ದ. ಉಸಿರು ಬಿಟ್ರೆ ಸಮುದ್ರ ಕುದೀತದೆ. ಮೈಗೆ ಕತ್ತಿ ತಾಗಿದ್ರೆ ಕತ್ತಿನೇ ಮುರೀತದೆ!”

“ಮೊಟ್ಟೆ ಇಟ್ಟದೆಯಾ?” ಎಂದಳು ಮಂಗಲಾ.

ಅದು ನೋಟ್‌ಬುಕ್ಕಿನಲ್ಲಿರಲಿಲ್ಲ. ಗೊತ್ತಿಲ್ಲ ಎನ್ನಲು ಸೃಷ್ಟಿಕರ್ತನಿಗೆ ನಾಚಿಕೆ. “ಗುಹೆ ತುಂಬಾ ಇಟ್ಟದೆ. ಅದ್ಕೇ ಮತ್ತಷ್ಟು ಸಿಟ್ಟು!”

ಭಾಸ್ಕರ ದಾಳ ಕೆಳಗಿಟ್ಟ. “ಮೊಟ್ಟೆ ಇಡೋ ಹೊತ್ತಲ್ಲಿ ಹೊಡೆಯೋದಾ? ನಾ ಒಲ್ಲೆ ಮಾರಾಯಾ. ಮೀನು ಮೊಟ್ಟೆ ಇಡೋ ಕಾಲ ಅಂತಲ್ವಾ ನಾವು ದೋಣಿ ಎಳೆದಿಟ್ಟು ಕೂತದ್ದು?”

ರೋಹಿತನೂ ಇಲ್ಲದ ಕತ್ತಿಯನ್ನು ಇಲ್ಲದ ಒರೆಗೆ ಸೇರಿಸಿದ. ಮೂರು ವಾರದ ಶ್ರಮ ಒಂದು ಕಿಡಿಯನ್ನೂ ಉಗುಳದೆ ನೀರುಪಾಲಾಗುವುದನ್ನು ಕಂಡು ಮಂಗೇಶನ ಹೊಟ್ಟೆ ಉರಿಯಿತು.

“ತಡೀರೋ! ತಾಯಿ ಬೇಟೆಗೆ ಹೋಗ್ಯದೆ. ಮೊಟ್ಟೆ ಕಾಯೋದು ಗಂಡು. ಅದ್ನ ಹೊಡೀರಿ!”

“ಗಂಡು ಕಾಯ್ತದಾ?” ಮಂಗಲಾ ಮುಂದೆ ಬಾಗಿದಳು. “ಎಷ್ಟು ದಿನ?”

“ಎರಡು ತಿಂಗ್ಳು. ಅಲ್ಲಾಡೂದೇ ಇಲ್ಲ!”

“ಮರಿ ಆದ್ಮೇಲೆ?”

“ಅದೂ ಗಂಡೇ ಸಾಕ್ತದೆ. ಹೆಣ್ಣು ದಣ್ದು ಬಂದ್ರೆ ರೆಕ್ಕೆಯಿಂದ ಗಾಳಿ ಹಾಕ್ತದೆ!” (ಹೆಂಡತಿ ಇಷ್ಟು ಆಸೆಯಿಂದ ತನ್ನ ಮಾತು ಕೇಳಿದ್ದೇ ಮೊದಲು, ನಾಲಿಗೆ ಹಿಡಿತ ತಪ್ಪಿತ್ತು.)

ಮಂಗಲಾಳ ಕಣ್ಣು ಅಗಲವಾಯಿತು. “ಅಬ್ಬಬ್ಬಾ! ಇಂಥಾ ಜಾತಿ ನಾ ಹುಟ್ಟಿದ್ಮೇಲೆ ಕಂಡಿಲ್ಲ. ಮೈಯೆಲ್ಲ ಝುಂ ಅಂತು ನೋಡಿ. ಇದನ್ನೆಲ್ಲ ಸಮಾ ಬರೀರಿ ಮಾರಾಯ್ರೆ.”

ಮಂಗೇಶನ ಎದೆ ಉಬ್ಬಿತು. ಬರೆದ, ಕೆಳಗೆ ಸಹಿಯನ್ನೂ ಹಾಕಿದ. ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಲು ಅವಳು ಫೋಟೋ ತೆಗೆಯುವಾಗ ಹಾಳೆಯನ್ನು ಬೆಳಕಿಗೆ ಹಿಡಿದವನೂ ಅವನೇ.

ಮರುದಿನ ಸಂಜೆ ಒಳಗೆ ಅವನಿಟ್ಟ ಅನ್ನ ಕುದಿಯುತ್ತಿತ್ತು. ಅವನು ಜಗಲಿಯಲ್ಲಿ ಮಗಳು ಭವ್ಯಾಳಿಗೆ ಎರಡನೆಯ ಜಡೆ ಹೆಣೆಯುತ್ತಿದ್ದಾಗ ಅಂಗಳಕ್ಕೆ ಐದಾರು ಗಂಡಸರು ನುಗ್ಗಿದರು. ಒಬ್ಬನ ಹೆಗಲ ಮೇಲೆ ಕೂಸಿನ ಒದ್ದೆ ಬಟ್ಟೆ, ಇನ್ನೊಬ್ಬನ ಕೈಯಲ್ಲಿ ಪೊರಕೆ. ಆ ಹಾಳೆ ಮನೆಮನೆಯ ಹೆಂಗಸರ ಮೊಬೈಲು ಸೇರಿದ್ದೇ ಊರಿನ ಗಂಡಸರೆಲ್ಲ ಉಗ್ರಜ್ವಾಲನಿಗೆ ನಡುಗಿಹೋಗಿದ್ದರು. ಹೆದರದೆ ಉಳಿದವರು ಹೆಂಗಸರು ಮಾತ್ರ.

“ಎಲ್ಲಿ ಮಂಗೇಶಾ ನಿನ್ನ ಡ್ರ್ಯಾಗನ್?” ಭಾಸ್ಕರ ಸೌಟು ಎತ್ತಿದ. “ಮೊಟ್ಟೆ ಇದ್ರೂ ಅಡ್ಡಿಲ್ಲ. ಇವತ್ತು ಹೊಡೆದೇ ಹೋಗ್ತೇವೆ.”

ಮಂಗೇಶ ಓಡಲು ಎದ್ದ.

“ಅಪ್ಪಾ, ಕೂತ್ಕೋ,” ಭವ್ಯಾ ತಿರುಗದೆಯೇ ಗದರಿದಳು. “ಜಡೆ ಬಿಚ್ಚಿಹೋಗ್ತದೆ.”

ಮಂಗೇಶ ಕೂತ.