ಹಿಂದಿನ ಕೋಣೆಯ ಆದಿಮಾನವರು

ಗೊತ್ತಿರುವುದನ್ನು ಕಲಿಸುವಾಗ ನಾನು ಸ್ವಲ್ಪ ತಡವರಿಸುತ್ತೇನೆ. ಗೊತ್ತಿಲ್ಲದ್ದನ್ನು ಕಲಿಸಲು ನಿಂತರೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. ಎಂಬತ್ತರ ದಶಕದಲ್ಲಿ ಶೇಡಬಾಳದಲ್ಲಿ ಮಾಸ್ತರನಾಗಿದ್ದೆ. ಐದನೆಯ ಇಯತ್ತೆಗೆ ಆದಿಮಾನವನ ಪಾಠ ಬಂತು. ಪುಸ್ತಕದಲ್ಲಿದ್ದ ಗುಹೆಯ ಚಿತ್ರದ ಮೇಲೆ ಅಚ್ಚಿನ ಮಸಿ ಹರಡಿ, ಪ್ರಾಣಿ ಯಾವುದು, ಮನುಷ್ಯ ಯಾವನು ತಿಳಿಯುತ್ತಿರಲಿಲ್ಲ. “ಇದರಾಗ ಏನೈತ್ರಿ ಸರ್?” ಎಂದು ಮಕ್ಕಳು ಕೇಳಿದರು. “ನಾವ ಒಂದು ಗುಹೆ ಮಾಡಿ ನೋಡೂಣು,” ಎಂದುಬಿಟ್ಟೆ.

ಕಬ್ಬಿನ ಗದ್ದೆಗಳ ಆ ಬಯಲಿನಲ್ಲಿ ಗುಹೆ ಎಲ್ಲಿಂದ ಬರಬೇಕು? ನಮ್ಮ ಮನೆಯ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ, ಕತ್ತಲು ಬೇಕಾದಷ್ಟಿತ್ತು. ಅಥಣಿಯಿಂದ ನಮ್ಮ ಮಾವನವರು ಬರುವವರಿದ್ದಾರೆಂದು ಹೆಂಡತಿ ಸುಶೀಲಾ ಅದಕ್ಕೆ ಆಗಷ್ಟೇ ಸುಣ್ಣ ಹೊಡೆಸಿದ್ದಳು. ಇದಕ್ಕಿಂತ ಒಳ್ಳೆಯ ಗೋಡೆ ಆದಿಮಾನವನಿಗೂ ಸಿಕ್ಕಿರಲಿಕ್ಕಿಲ್ಲ. ಅವಳು ಉಗಾರಕ್ಕೆ ತಂಗಿಯ ಮನೆಗೆ ಹೋದ ರವಿವಾರ ಮಕ್ಕಳನ್ನು ಕರೆದೆ.

ಇದ್ದಿಲಿನಿಂದ ಬೇಟೆಗಾರರು ಎದ್ದು ನಿಂತರು. ಆಮೇಲೆ ಗೋಡೆಗೆ ಅಂಗೈ ಒತ್ತಿ, ಬಾಯಿಂದ ಕೆಮ್ಮಣ್ಣಿನ ನೀರು ಸಿಂಪಡಿಸುವುದನ್ನು ತೋರಿಸಿದೆ. ಕೈ ತೆಗೆದರೆ ಬಿಳಿಯ ಹಸ್ತ ಉಳಿಯುತ್ತದೆ. ಮಕ್ಕಳು ಗೋಡೆಗಿಂತ ಹೆಚ್ಚಾಗಿ ಒಬ್ಬರ ಮೇಲೊಬ್ಬರು ಸಿಂಪಡಿಸಿಕೊಂಡರು. ಪಕ್ಕದ ಮನೆಯ ಅಣ್ಣಪ್ಪ ಇಣುಕಿ, “ಉಗುಳೂದು ಕಲಸಾಕೂ ಸಾಲಿ ಬೇಕೇನ್ರಿ ಸರ್?” ಎಂದ.

ನಿಜವಾದ ತಕರಾರು ತೆಗೆದವಳು ಪದ್ಮಾ, ಜೈನರ ಹುಡುಗಿ. “ಸರ್, ನಾ ಜಿಂಕಿಗೆ ಬಾಣ ಹೊಡ್ಯಾಂಗಿಲ್ರಿ.”

“ಪದ್ಮಾ, ಅವರು ಬೇಟೆಗಾರರು. ಮತ್ತೇನ್ ತಿಂತಾರ?”

“ಕಬ್ಬ ತಿನ್ಲಿ ಬಿಡ್ರಿ.”

ಅವಳ ಜಿಂಕೆ ಬಾಣ ತಾಗದೆ ಜಿಗಿಯಿತು. ಅದನ್ನು ಕಂಡ ಉಳಿದವರೂ ತಮ್ಮ ಬೇಟೆಗಾರರ ಕೈಗೆ ಕಬ್ಬು ಕೊಟ್ಟರು. ಪಾಠ ತಪ್ಪಿತು, ಆದರೆ ಗೋಡೆಗೆ ಜೀವ ಬಂತು.

ಸಂಜೆ ಸುಶೀಲಾ ಬಂದಳು. ಒಬ್ಬಳೇ ಅಲ್ಲ; ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪ್ಪನನ್ನೂ ಕರೆದುಕೊಂಡೇ ಬಂದಳು. ಮಕ್ಕಳು ನನ್ನ ಬೆನ್ನ ಹಿಂದೆ ಸರಿದರು. “ಏನ್ರಿ ಇದು?” ಎಂದಳು, ಬಹಳ ಸಣ್ಣ ದನಿಯಲ್ಲಿ. ಅವಳ ದೊಡ್ಡ ದನಿಗೆ ನಾನು ಹೆದರುವವನಲ್ಲ.

ಮಾವನವರು ಕಂದೀಲು ಹಿಡಿದು ಗೋಡೆಯುದ್ದಕ್ಕೂ ನಡೆದರು. ಜಿಂಕೆಯ ಮುಂದೆ ನಿಂತರು. “ಇದನ್ನ ಯಾರು ತಗದಾರ?” ಪದ್ಮಾ ಅಳುಮುಖ ಮಾಡಿಕೊಂಡು ಕೈ ಎತ್ತಿದಳು. ಅವರು ಅಂಗಿಯ ತೋಳು ಮಡಚಿ ತಮ್ಮ ಹಸ್ತವನ್ನು ಜಿಂಕೆಯ ಪಕ್ಕಕ್ಕೆ ಒತ್ತಿದರು. “ಹೊಡಿ ತಂಗಿ, ನಂದೂ ಒಂದಿರಲಿ.” ಪದ್ಮಾ ಧೋತರವನ್ನೂ ಬಿಡದೆ ಸಿಂಪಡಿಸಿದಳು. ಮಾವನವರು ನಕ್ಕ ಮೇಲೆ ಸುಶೀಲಾ ತಾನೂ ಬಳೆ ಸರಿಸಿ ಕೈ ಇಟ್ಟಳು.

ಆಗ ಮಾವನವರ ಕಂದೀಲು ನಟ್ಟನಡುವಿನ ದೊಡ್ಡ ಚಿತ್ರಕ್ಕೆ ಬಂತು. “ಎಲ್ಲಾ ಛಲೋ ಆಗ್ಯಾವ. ಈ ಹಂದಿ ಒಂದು ಯಾಕ ತಗದ್ರಿ?”

“ಅದು ನಮ್ಮ ಸರ್ ತಗದಾರ್ರಿ!” ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

ಅದು ಎತ್ತು ಎಂದು ವಿವರಿಸಿದೆ. ಯಾರೂ ಒಪ್ಪಲಿಲ್ಲ. ಗೋಡೆ ಹೀಗೇ ಇರಲಿ, ಅದೊಂದಕ್ಕೆ ಮಾತ್ರ ಸುಣ್ಣ ಬಳಿಯಿರಿ ಎಂದು ಸುಶೀಲಾ ತೀರ್ಪು ಕೊಟ್ಟಳು. ಮರುದಿನ ನಾನೇ ಬಳಿದೆ. ಸುಣ್ಣ ಒಣಗಿದ ಮೇಲೂ ಅದು ಮಸುಕಾಗಿ ಕಾಣುತ್ತಿತ್ತು. ಮುಕ್ಕಾಲು ಪಾಲು ಮುಚ್ಚಿಹೋದ ಮೇಲೆ, ನಿಮ್ಮಾಣೆ, ಥೇಟ್ ಎತ್ತಿನ ಹಾಗೇ ಇತ್ತು.