ಬೇಲಿ ದ್ರಾಕ್ಷಿಯ ಬೆನ್ನು ಹತ್ತಿ

ಬೇಲಿಯ ಬಳ್ಳಿ ನೋಡುತ್ತಾ ಬಸ್ಸಿನಲ್ಲಿ ಕೂತವರಿಗೆ ಇಳಿಯುವ ಊರು ತಪ್ಪುವುದು ಹೊಸದಲ್ಲ. ನನಗಂತೂ ಒಂದು ಮಳೆಗಾಲ ಪೂರ್ತಿ ಅದೇ ಆಯಿತು.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಖಾನಾವಳಿ. ಮನೆ ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ನಾನೇ ನಿಂತು ಕಟ್ಟಿದ್ದು. ಅಕ್ಷರವನ್ನೂ ನಾನೇ ಕಲಿತದ್ದು. ಕಲಿತದ್ದು ಸುಮ್ಮನೆ ಹೋಗಬಾರದೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ: "ಇಲ್ಲಿ ಬಡಿಸುವುದೆಲ್ಲಾ ಈ ಸೀಮೆಯದೇ." ಜೋಳ, ಕಡಲೆ, ಗುರೆಳ್ಳು, ಬದನೆ ಎಲ್ಲವೂ ಸುತ್ತಲಿನ ಹೊಲದವು. ಸಿಹಿ ಚಟ್ನಿಗೆ ಒಣದ್ರಾಕ್ಷಿ ಕೊಡುವವರು ತಿಕೋಟಾದ ಒಬ್ಬ ತೋಟದ ಯಜಮಾನರು. ಅವರು ನಮ್ಮಲ್ಲೇ ಊಟ ಮಾಡುವ ಗಿರಾಕಿಯೂ ಹೌದು.

ಒಂದು ದಿನ ಅವರು ಅದೇ ಚಟ್ನಿ ನೆಕ್ಕುತ್ತಾ ಗೋಡೆ ಓದಿದರು.

"ಅಕ್ಕಾರ, ನಮ್ಮ ದ್ರಾಕ್ಷಿ ಈ ಸೀಮೀದಲ್ಲರಿ. ಈ ತಳಿ ಸಮುದ್ರ ದಾಟಿ ಬಂದದ್ದು. ಚಟ್ನಿ ತೆಗೀರಿ, ಇಲ್ಲಾ ಗ್ವಾಡಿ ಒರಸ್ರಿ."

ಉಣ್ಣುತ್ತಿದ್ದವರೆಲ್ಲಾ ತಲೆ ಎತ್ತಿದರು. ಗ್ರಂಥಾಲಯದ ಗಿಡಬಳ್ಳಿಗಳ ಪುಸ್ತಕದಲ್ಲಿ ನಮ್ಮ ನೆಲದ ಕಾಡುದ್ರಾಕ್ಷಿಯ ಪುಟ ಆಗಷ್ಟೇ ಓದಿದ್ದೆ. ಸುಮ್ಮನಿರುವುದು ನನಗೆ ಗೊತ್ತಿಲ್ಲ.

"ಗ್ವಾಡಿನೂ ಇರತೈತಿ, ದ್ರಾಕ್ಷಿ ಚಟ್ನಿನೂ ಇರತೈತಿ. ಈ ನೆಲದ್ದ ದ್ರಾಕ್ಷಿ ಹುಡುಕಿ ತಂದು ಬಡಸ್ತೇನಿ. ಮಳಿ ಮುಗದು ಶೀಗಿ ಹುಣ್ಣಿಮಿ ಬರೂದ್ರೊಳಗ ಸಿಗಲಿಲ್ಲಂದ್ರ ಎಲ್ಲಾರ ಮುಂದ ನನ್ನ ಕೈಲೇ ಒರಸ್ತೇನಿ" ಅಂದೆ.

ಯಜಮಾನರು ಇನ್ನೊಂದು ಚಮಚ ಚಟ್ನಿ ಹಾಕಿಸಿಕೊಂಡರು.

ವ್ರತದ ಊಟ

ಮೊದಲ ಬಳ್ಳಿ ಸಿಕ್ಕದ್ದು ಬಬಲೇಶ್ವರದ ದಾರಿಯಲ್ಲಿ. ಆಗಷ್ಟೇ ಮಳೆ ನಿಂತಿತ್ತು. ಎರೆ ಭೂಮಿಯಿಂದ ಹಬೆ ಏಳುತ್ತಿತ್ತು, ಅದರೊಳಗೆ ಜಾಲಿಯ ಬೇಲಿ ತೇಲುತ್ತಿರುವಂತೆ ಕಂಡಿತು. ಬೇಲಿಯ ಮೇಲೆ ಮೂರು ಮೂರು ಎಲೆಯ ಬಳ್ಳಿ, ಅದರಲ್ಲಿ ಕರಿಮಣಿಯಂತೆ ಹೊಳೆಯುವ ಹಣ್ಣು. ಪುಸ್ತಕದಲ್ಲಿದ್ದ ಕಾಡುದ್ರಾಕ್ಷಿಯ ಎಲೆ ಒಂಟಿಯಾಗಿತ್ತು ಎಂಬುದು ನೆನಪಿತ್ತು. ಆದರೆ ಕನಸು ಕಾಣುವಾಗ ಎಲೆ ಎಣಿಸುವವರು ಯಾರು? ಒಂದು ಹಣ್ಣು ಕಚ್ಚಿದೆ.

ನಾಲಿಗೆಯೊಳಗೆ ಸಾವಿರ ಸೂಜಿ ಚುಚ್ಚಿದಂತಾಯಿತು. ಉಗುಳಿದರೂ ತುರಿಕೆ ಹೋಗಲಿಲ್ಲ. ಖಾನಾವಳಿಗೆ ಬಂದು ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಮೂಕಿಯಾಗಿ ಕೂತೆ. ದಿನವೂ ನಾನು ಪ್ರತಿಯೊಬ್ಬರನ್ನೂ ವಿಚಾರಿಸುವವಳು. ಯಾಕೆ ರೊಟ್ಟಿ ಬಿಟ್ಟೆ, ಪಲ್ಯ ಯಾಕೆ ಬೇಡ, ಮಜ್ಜಿಗೆ ಕುಡಿಯದೆ ಎದ್ದರೆ ಹೇಗೆ? ಆ ಮಧ್ಯಾಹ್ನ ಒಂದು ಮಾತೂ ಇಲ್ಲ. ಕೇಳಿದವರಿಗೆಲ್ಲಾ ನಮ್ಮ ರೊಟ್ಟಿ ಬಡಿಯುವಾಕೆ, "ಅಕ್ಕಾರು ವ್ರತ ಹಿಡದಾರ" ಎಂದು ಹೇಳಿ ನನ್ನ ಮಾನ ಕಾಯ್ದಳು.

ದಿನಾ ಬರುವ ಗುಮಾಸ್ತರೊಬ್ಬರು ಕೈ ತೊಳೆದು ಬಂದು ನನಗೆ ನಮಸ್ಕಾರ ಮಾಡಿದರು.

"ಇವತ್ತಿನ ಊಟ ಭಾಳ ಶಾಂತ ಆತರಿ. ಈ ವ್ರತ ಎಷ್ಟು ವಾರದ್ದು?"

ಕುಂಕುಮ ಹಚ್ಚಿಸಿಕೊಂಡ ಬಳ್ಳಿ

ಈ ಸಲ ಎಲೆ ಎಣಿಸಿದೆ. ತಿಕೋಟಾದ ಹತ್ತಿರ, ಪಾಳು ಬಿದ್ದ ಹೊಲದ ಬದುವಿನಲ್ಲಿ ಬೇವಿನ ಮರ ಏರಿದ್ದ ಬಳ್ಳಿ. ಒಂಟಿ ಎಲೆ, ಅಂಚಿಗೆ ಗರಗಸದ ಹಲ್ಲು, ಎಲೆಯ ಎದುರಿಗೆ ಸುರುಳಿ ಸುತ್ತಿದ ಕುಡಿ. ಹಣ್ಣಿರಲಿಲ್ಲ. ನಾನು ಅದರ ಕೆಳಗೆ ಕೂತೆ. ಬಿಸಿಲು ಎಲೆಯೊಳಗಿಂದ ಸೋಸಿ ಹಸಿರಾಗಿ ಸೀರೆಯ ಮೇಲೆ ಬೀಳುತ್ತಿತ್ತು. ವಿಜಯಪುರಕ್ಕೆ ಕೋಟೆ ಕಟ್ಟುವ ಮೊದಲೇ ಈ ಬಳ್ಳಿ ಇಲ್ಲಿತ್ತು, ಕಲ್ಲು ಹೊತ್ತವರು ಇದರ ನೆರಳಲ್ಲೇ ಬುತ್ತಿ ಬಿಚ್ಚಿದ್ದರು ಅನ್ನಿಸಿತು. ಎರಡು ಬಸ್ಸು ನನ್ನ ಕಣ್ಣ ಮುಂದೆಯೇ ಹೋದವು. ಕೈ ಮಾಡಲು ಮನಸ್ಸಾಗಲಿಲ್ಲ.

ಒಂದು ಕುಡಿ ಮುರಿದು ತಂದು ತಾಮ್ರದ ತಂಬಿಗೆಯಲ್ಲಿಟ್ಟೆ. ರೊಟ್ಟಿ ಬಡಿಯುವಾಕೆ ತಂಬಿಗೆಗೆ ಕುಂಕುಮ ಹಚ್ಚಿ ಊದಿನಕಡ್ಡಿ ಹಚ್ಚಿದಳು. ಯಜಮಾನರು ಬಂದವರು ಹೊಗೆ ಕಂಡು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಕಣ್ಣು ಬಿಟ್ಟು ನೋಡಿ, "ಯಪ್ಪಾ, ಇದು ಡಾಗ್ರಿಜ್!" ಎಂದರು.

ತಿಕೋಟಾದ ತೋಟಗಳಲ್ಲಿ ಮೊದಲು ಗಟ್ಟಿ ಬೇರಿನ ಈ ಬಳ್ಳಿ ನೆಡುತ್ತಾರಂತೆ. ಅದು ನೆಲ ಹಿಡಿದ ಮೇಲೆ ಹಣ್ಣಿನ ತಳಿಯನ್ನು ಅದರ ಮೇಲೆ ಕಸಿ ಕಟ್ಟುತ್ತಾರಂತೆ. ಹಳೆಯ ತೋಟ ಯಾರೋ ಕಿತ್ತಾಗ ಒಂದು ಬೇರು ಉಳಿದು ಮರ ಏರಿತ್ತು.

"ಇದು ಅಮೆರಿಕಾದ್ದರಿ ಅಕ್ಕಾರ! ನನ್ನ ಹೊಲದಾಗ ಇದರ ಚಿಗುರು ಚಿವುಟಿ ಚಿವುಟಿ ನನಗ ಸಾಕಾಗೈತಿ, ನೀವು ಪೂಜಿ ಮಾಡಾಕತ್ತೀರಿ!"

ರೊಟ್ಟಿ ಬಡಿಯುವಾಕೆ ತಂಬಿಗೆಯೊಳಗೆ ಇಣುಕಿ ನೋಡಿದಳು.

"ಅಷ್ಟು ದೂರದಿಂದ ಬಂದೈತಿ ಅಂದ್ರ... ಇನ್ನೊಂದೀಟು ನೀರು ಹಾಕ್ಲೇನ್ರಿ?"

ಓದು ಕೇಳಿದ ಅಜ್ಜಿ

ಹುಣ್ಣಿಮೆಗೆ ಎರಡು ತಿಂಗಳಷ್ಟೇ ಉಳಿದಾಗ ಕಾಖಂಡಕಿಯ ಕಡೆ ಹೋದೆ. ಹಳ್ಳದ ದಂಡೆಯಲ್ಲಿ ಒಬ್ಬ ಅಜ್ಜಿ ಆಡು ಮೇಯಿಸುತ್ತಿದ್ದಳು. ಹುಟ್ಟಿದಾಗಿನಿಂದ ಇದೇ ನೆಲ ತುಳಿದವಳು. ಇವಳಿಗೆ ಗೊತ್ತಿರದ ಬಳ್ಳಿ ಇರಲಾರದೆಂದು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದೆ. ಬೇಸಿಗೆಯಲ್ಲಿ ಒಣಗಿ ಕಾಣೆಯಾಗುತ್ತದೆ, ಮಳೆ ಬಿದ್ದೊಡನೆ ನೆಲದೊಳಗಿನ ಗಡ್ಡೆಯಿಂದ ಏಳುತ್ತದೆ. ಎಲೆ ಅಂಗೈಯಗಲ, ಬುಡದಲ್ಲಿ ಹೃದಯದಂತೆ. ಸುರುಳಿ ಕುಡಿಯ ಮೇಲೆಯೇ ಕೆಂಪು ಹೂವಿನ ಗೊಂಚಲು.

ಅಜ್ಜಿ ಪುರಾಣ ಕೇಳುವಂತೆ ಸೆರಗು ಹೊದ್ದು ಕೇಳಿದಳು. ತಂಗಾಳಿ ಬೀಸುತ್ತಿತ್ತು, ನನ್ನ ದನಿ ನನಗೇ ಇಂಪಾಗಿ ಕೇಳಿಸಿತು. ಮುಗಿದ ಮೇಲೆ ಅವಳು ನಿಟ್ಟುಸಿರು ಬಿಟ್ಟಳು.

"ಭಾಳ ಚಂದ ಓದ್ತಿ ಯವ್ವಾ. ಅಂಥಾದ್ದು ನಮ್ಮ ಕಡೆ ನಾ ಎಂದೂ ನೋಡಿಲ್ಲ."

ಅವಳ ಬೆನ್ನ ಹಿಂದೆ ಒಂದು ಆಡು ಎರಡು ಕಾಲ ಮೇಲೆ ನಿಂತು ಅಂಗೈಯಗಲದ ಎಲೆಯೊಂದನ್ನು ಹರಿಯುತ್ತಿತ್ತು. ಸುರುಳಿ ಕುಡಿ, ಅದರ ಮೇಲೆ ಗೊಂಚಲು.

"ಯಜ್ಜಿ, ಅಲ್ಲೇ ಐತಲ್ಲ!"

ಅಜ್ಜಿ ತಿರುಗಿ ನೋಡಿ ಬೇಸರಪಟ್ಟುಕೊಂಡಳು. "ಇದಾ? ಇದು ಆಡು ತಿನ್ನೂ ಸೊಪ್ಪು. ನೀ ಏನೋ ದೊಡ್ಡದು ಓದಾಕತ್ತಿದ್ದಿ ಅಂತ ಮಾಡಿದ್ದೆ."

ತೀರ್ಪು

ಆಡಿಗೆ ಎಟುಕದಂತೆ ಬಳ್ಳಿಯ ಸುತ್ತ ಮುಳ್ಳು ಹಾಕಿಸಿದೆ. ವಾರಕ್ಕೊಮ್ಮೆ ಹೋಗಿ ಹಸಿರು ಕಾಯಿ ಕೆಂಪಾಗಿ, ಕೆಂಪು ಕಪ್ಪಾಗುವುದನ್ನು ನೋಡುತ್ತಾ ಕೂರುತ್ತಿದ್ದೆ. ಶೀಗಿ ಹುಣ್ಣಿಮೆಯ ಹಿಂದಿನ ದಿನ ಕೊಯ್ದೆ. ಅರ್ಧದಷ್ಟನ್ನು ಬೆಲ್ಲ ಹಾಕಿ ಕುದಿಸಿ ಚಟ್ನಿ ಮಾಡಿದೆ, ಉಳಿದದ್ದನ್ನು ಎಲ್ಲರಿಗೂ ತೋರಿಸಲು ತಟ್ಟೆಯಲ್ಲಿಟ್ಟೆ.

ಮರುದಿನ ಖಾನಾವಳಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಜಮಾನರು ಮನೆಯಿಂದಲೇ ಒಂದು ಒದ್ದೆ ಅರಿವೆ ತಂದಿದ್ದರು, ಗೋಡೆ ಒರೆಸಲಿಕ್ಕೆ. ನಾನು ಪುಸ್ತಕ ಬಿಚ್ಚಿದೆ.

"ಪುಸ್ತಕ ಬ್ಯಾಡ್ರಿ ಅಕ್ಕಾರ. ಈ ನೆಲಾ ಬಲ್ಲವರು ಯಾರರ ಹೇಳಲಿ" ಅಂದರು.

ಅದನ್ನು ನಿರೀಕ್ಷಿಸಿಯೇ ನಾನು ಕಾಖಂಡಕಿಯ ಅಜ್ಜಿಯನ್ನು ಬಸ್ಸಿನಲ್ಲಿ ಕರೆತಂದಿದ್ದೆ. ಅವಳ ಮಾತೇ ಕೊನೆಯ ಮಾತೆಂದು ಇಬ್ಬರೂ ಒಪ್ಪಿದೆವು. ಅವಳ ಮುಂದೆ ಎರಡು ಬಟ್ಟಲು ಇಟ್ಟೆ. ಒಂದರಲ್ಲಿ ಅವರ ಒಣದ್ರಾಕ್ಷಿ ಚಟ್ನಿ, ಇನ್ನೊಂದರಲ್ಲಿ ನನ್ನ ಕಾಡುದ್ರಾಕ್ಷಿ ಚಟ್ನಿ.

"ಯಜ್ಜಿ, ನಮ್ಮ ಸೀಮೀ ದ್ರಾಕ್ಷಿ ಯಾವುದು ಹೇಳು."

ಅಜ್ಜಿ ಒಣದ್ರಾಕ್ಷಿಯದು ನೆಕ್ಕಿ ಕಣ್ಣು ಮುಚ್ಚಿದಳು. "ಇದಾ ನೋಡು. ನನ್ನ ಮಕ್ಕಳು ಸಣ್ಣವಿದ್ದಾಗಿಂದ ತಿಂದೇನಿ. ಇದರಷ್ಟು ನಮ್ಮದು ಯಾವುದೈತಿ?"

ಯಜಮಾನರು ಎತ್ತಿದ್ದ ಅರಿವೆ ಕೆಳಗಿಳಿಸಿದರು. ಅವರ ದ್ರಾಕ್ಷಿ ಗೆದ್ದಿತ್ತು, ಅವರು ಸೋತಿದ್ದರು. ಅಜ್ಜಿ ನನ್ನ ಬಟ್ಟಲಿಗೆ ಬೆರಳದ್ದಿದಳು. ಅವಳ ಮುಖ ಹಿಂಡಿದ ನಿಂಬೆಯಂತಾಯಿತು.

"ಇದು ಯಾವ ದೇಶದ್ದ ಯವ್ವಾ?"

"ನಿನ್ನ ಹಳ್ಳದ ದಂಡೀದು! ನಿನ್ನ ಆಡು ತಿಂತಿತ್ತಲ್ಲ, ಅದರ ಹಣ್ಣು!"

"ಅಯ್ಯ! ಇದನ್ನ ಮನಷ್ಯಾರು ತಿಂತಾರೇನ?"

ಉಣ್ಣುವವರ ನಗುವಿಗೆ ಊಟದ ಗಂಗಾಳಗಳು ಅಲುಗಿದವು. ಯಜಮಾನರು ಒದ್ದೆ ಅರಿವೆಯಿಂದ ತಮ್ಮ ಬಾಯಿ ಒರೆಸಿಕೊಂಡು, "ಗ್ವಾಡಿನೂ ಇರಲಿ, ನಮ್ಮ ಚಟ್ನಿನೂ ಇರಲಿ ಬಿಡ್ರಿ" ಎಂದರು.

ಅಜ್ಜಿ ಹೊಟ್ಟೆ ತುಂಬ ಉಂಡು, ಉಳಿದ ಕರಿ ಹಣ್ಣಿನ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಇವನ್ನಷ್ಟು ಕಟ್ಟಿ ಕೊಡು ಯವ್ವಾ. ಪಾಪ, ಆಡು ಎರಡು ತಿಂಗಳಿಂದ ಮುಳ್ಳಿನ ಹೊರಗ ನಿಂತು ನೋಡಾಕತ್ತೈತಿ."

ಕಾಗದದಲ್ಲಿ ಸುತ್ತಿ, ದಾರ ಬಿಗಿದು ಕೊಟ್ಟೆ. ಸ್ಟೇಷನ್ ರಸ್ತೆಯಲ್ಲಿ ಖಾನಾವಳಿಗಳು ಬೇಕಾದಷ್ಟಿವೆ. ಆಡಿಗೆ ಪಾರ್ಸಲ್ ಕಟ್ಟಿದವಳು ನಾನೊಬ್ಬಳೇ.