ಗೆರೆ ಇಳಿದದ್ದಕ್ಕೆ ಕಾರಣಗಳು

ಹೆಂಡತಿಗೆ ಗ್ರಾಫ್ ಓದಲು ಬರುವುದಿಲ್ಲ ಎಂದು ಗ್ರಾಫಪ್ಪನವರು ನಂಬಿದ್ದು ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಬರೀ ಐದು ವಾರ. ಆದರೆ ಕೆಡಿಸುವ ಕೆಲಸಕ್ಕೆ ಐದು ವಾರ ಧಾರಾಳವಾಯಿತು.

ಆಕೆ ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು. ಅಷ್ಟರಲ್ಲಿ ವಾರ್ಡಿನ ಮುಖ್ಯಸ್ಥೆಯ ಕುರ್ಚಿ ಮೂರು ಸಲ ಖಾಲಿಯಾಗಿತ್ತು. ಮೂರು ಸಲವೂ ಆಕೆಯ ಕೈಕೆಳಗೆ ಸೂಜಿ ಹಿಡಿಯಲು ಕಲಿತವರೇ ಬಂದು ಅದರಲ್ಲಿ ಕೂತಿದ್ದರು. ಈಗ ಹೊರದೇಶದ ಆಸ್ಪತ್ರೆಯೊಂದು ಫೋನಿನಲ್ಲೇ ಸಂದರ್ಶನ ಮುಗಿಸಿ, ವಾರ್ಡು ನಿಮ್ಮ ಕೈಗೇ ಕೊಡುತ್ತೇವೆ ಎಂದು ಪತ್ರ ಬರೆದಿತ್ತು. ಷರತ್ತು ಒಂದೇ. ಎರಡು ತಿಂಗಳೊಳಗೆ ಇಂಗ್ಲಿಷ್ ಪರೀಕ್ಷೆ ಬರೆದು, ನಾಲ್ಕೂ ಭಾಗಗಳಲ್ಲಿ ಒಂಬತ್ತಕ್ಕೆ ಏಳಾದರೂ ತೋರಿಸಬೇಕು.

ಕೇಳುವುದು, ಓದುವುದು, ಮಾತಾಡುವುದು ಈ ಮೂರಕ್ಕೆ ಆಕೆ ಹೆದರಲಿಲ್ಲ. ಬರೆಯುವ ಭಾಗದ ಮೊದಲ ಪ್ರಶ್ನೆಯಲ್ಲಿ ಮಾತ್ರ ಒಂದು ಗೆರೆ ಗ್ರಾಫ್ ಕೊಟ್ಟು, ಇಪ್ಪತ್ತು ನಿಮಿಷದಲ್ಲಿ ನೂರೈವತ್ತು ಪದಕ್ಕೆ ಕಮ್ಮಿಯಿಲ್ಲದಂತೆ ಅದನ್ನು ವಿವರಿಸಿ ಎನ್ನುತ್ತಾರೆ. ಒಂದು ಸಂಜೆ ಅಭ್ಯಾಸದ ಪುಸ್ತಕ ತೆರೆದುಕೊಂಡು, ಇದರಲ್ಲಿ ಬರೆಯೋಕೆ ಏನಿದೆ ಅಂತಲೇ ಗೊತ್ತಾಗ್ತಿಲ್ಲ ಎಂದು ಆಕೆ ಗೊಣಗಿದಳು. ಎಲ್ಲ ಕಣ್ಣಿಗೇ ಕಾಣುವಾಗ ನೂರೈವತ್ತು ಪದ ಎಲ್ಲಿಂದ ತರುವುದು ಎಂದು ಆಕೆಯ ಚಿಂತೆ. ಇವಳಿಗೆ ಗ್ರಾಫೇ ಅರ್ಥವಾಗುವುದಿಲ್ಲ ಎಂದು ಗ್ರಾಫಪ್ಪನವರ ತೀರ್ಪು.

ಗ್ರಾಫಪ್ಪ ಎಂಬುದು ಕಚೇರಿಯವರು ಇಟ್ಟ ಹೆಸರು. ಅವರು ಪಂಪು ತಯಾರಿಸುವ ಕಾರ್ಖಾನೆಯ ವರದಿ ವಿಭಾಗದ ಮುಖ್ಯಸ್ಥರು. ತಿಂಗಳಿಗೊಮ್ಮೆ ನಿರ್ದೇಶಕರ ಸಭೆಗೆ ಉತ್ಪಾದನೆಯ ಗೆರೆ ಎಳೆದು, ಅದರ ಕೆಳಗೆ ವಿವರಣೆ ಬರೆಯುವುದು ಅವರ ಉದ್ಯೋಗ. ಆ ಗೆರೆ ಹನ್ನೆರಡು ವರ್ಷದಿಂದ ಇಳಿಯುತ್ತಲೇ ಇತ್ತು. ಇಷ್ಟಾದರೂ ಒಬ್ಬ ನಿರ್ದೇಶಕನಿಗೂ ನಿದ್ದೆ ಕೆಟ್ಟಿರಲಿಲ್ಲವೆಂದರೆ ಅದು ಗ್ರಾಫಪ್ಪನವರ ಲೇಖನಿಯ ಮಹಿಮೆ!

“ಮನೇಲೇ ಇಂಥವನನ್ನ ಇಟ್ಕೊಂಡು ಪುಸ್ತಕ ನೋಡ್ತಾ ಕೂತಿದೀಯಲ್ಲೇ,” ಎಂದರು. “ಐದು ವಾರ ನನ್ನ ಕೈಗೆ ಕೊಡು. ನಿನ್ನ ಉತ್ತರ ಓದಿ ಮಾರ್ಕು ಹಾಕೋನು ಎದ್ದು ನಿಲ್ಲಬೇಕು, ಹಾಗೆ ಬರೆಸ್ತೀನಿ.”

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಿವೃತ್ತ ಮೇಡಂ ಒಬ್ಬರು ಇದೇ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಅಲ್ಲಿಗೆ ಸೇರಬೇಕೆಂದಿದ್ದ ಆಕೆ, ಗಂಡನ ಮುಖ ಸಣ್ಣದಾಗುವುದು ಬೇಡವೆಂದು ಸುಮ್ಮನಾದಳು.

ಮೊದಲ ದಿನದ ಗ್ರಾಫಿನಲ್ಲಿ ಯಾವುದೋ ಊರಿನ ಬಸ್ಸು, ರೈಲು, ಸೈಕಲ್ಲು ಮೂವತ್ತು ವರ್ಷ ಓಡಿದ್ದವು. ಆಕೆ ಡ್ಯೂಟಿ ಮುಗಿಸಿ ಬಂದ ಬಟ್ಟೆಯಲ್ಲೇ ಊಟದ ಮೇಜಿಗೆ ಕೂತು ಬರೆದಳು. ಬಸ್ಸು ಇಷ್ಟರಿಂದ ಶುರುವಾಗಿ ಅರ್ಧಕ್ಕೆ ಇಳಿದಿದೆ, ರೈಲು ಏರುತ್ತಾ ಹೋಗಿ ಹದಿನೈದನೇ ವರ್ಷದಲ್ಲಿ ಬಸ್ಸನ್ನು ದಾಟಿದೆ, ಸೈಕಲ್ಲು ಇದ್ದಲ್ಲೇ ಇದೆ. ಗ್ರಾಫಪ್ಪನವರು ಕನ್ನಡಕ ಏರಿಸಿ ಓದಿದರು. ಜೇಬಿನಿಂದ ಕೆಂಪು ಪೆನ್ನು ಹೊರಬಂತು. ಮೂಲೆಯಿಂದ ಮೂಲೆಗೆ ಒಂದು ಗೀಟು.

“ಇದೇನೇ ಇದು, ಜ್ವರದ ಚಾರ್ಟು? ಆರು ಗಂಟೆಗೆ ನೂರೆರಡು, ಎಂಟು ಗಂಟೆಗೆ ನೂರು! ಬಸ್ಸು ಯಾಕೆ ಇಳೀತು, ಅದನ್ನ ಹೇಳೋರು ಯಾರು?”

“ಯಾಕೆ ಅನ್ನೋದು ಗ್ರಾಫಲ್ಲಿ ಇಲ್ವಲ್ಲ ರೀ. ಕಂಡಿದ್ದು ಬರೆಯೋದಷ್ಟೇ ನಮ್ಮ ಕೆಲಸ. ಯಾಕೆ ಅನ್ನೋದನ್ನ ಡಾಕ್ಟರು ನೋಡ್ಕೋತಾರೆ.”

“ಪರೀಕ್ಷೆ ಹಾಲಿಗೆ ಡಾಕ್ಟರು ಬರಲ್ಲ ಕಣೇ.”

ಪಾಳಿ ಬದಲಾಗುವಾಗ ಹಾಸಿಗೆಯಿಂದ ಹಾಸಿಗೆಗೆ ನಡೆದು, ನಾಡಿ ಇಷ್ಟು, ಜ್ವರ ಇಷ್ಟು ಎಂದು ಒಪ್ಪಿಸಿ ಮನೆಗೆ ಹೋಗುವುದು ಹತ್ತೊಂಬತ್ತು ವರ್ಷದ ರೂಢಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ‘ಬಹುಶಃ ಗಾಯ ಕೀವಾದದ್ದರಿಂದ’ ಎಂದು ಸೇರಿಸಿ ಬರೆದು ಹಿರಿಯ ಸಿಸ್ಟರ್‌ ಬಾಯಿಂದ ಚೆನ್ನಾಗಿ ಬೈಸಿಕೊಂಡಿದ್ದಳು. ಆದರೆ ವರದಿ ಬರೆದೇ ಹೊಟ್ಟೆ ಹೊರೆಯುವ ಮನುಷ್ಯ ಹೇಳುತ್ತಿದ್ದಾನೆ, ಸರಿಯೇ ಇರಬೇಕು.

ಪಾಠ ಶುರುವಾಯಿತು. ಗೆರೆ ಇಳಿದರೆ ಕಚ್ಚಾ ಸಾಮಗ್ರಿಯ ಕೊರತೆ, ನುರಿತ ಕೆಲಸಗಾರರ ಅಭಾವ, ಯಂತ್ರಗಳ ದುರಸ್ತಿ. ಯಾವುದೂ ಹೊಂದದಿದ್ದರೆ ಪ್ರತಿಕೂಲ ಹವಾಮಾನ. ಏರಿದರೆ ಆಡಳಿತದ ದೂರದೃಷ್ಟಿ. ಅಲುಗಾಡದೆ ಬಿದ್ದುಕೊಂಡಿದ್ದರೆ, ಸ್ಥಿರತೆಯನ್ನು ಸಾಧಿಸಲಾಗಿದೆ. ಆಕೆ ಪಾತ್ರೆ ತೊಳೆಯುತ್ತಾ ಇದನ್ನೆಲ್ಲ ಇಂಗ್ಲಿಷಿನಲ್ಲಿ ಉರು ಹೊಡೆದಳು. ಮೂರನೇ ವಾರ ವಾರ್ಡಿನಲ್ಲಿ ಹನ್ನೊಂದನೇ ಹಾಸಿಗೆಯವರಿಗೆ ಜ್ವರ ಏರಿದಾಗ, ಚಾರ್ಟಿನ ಮೇಲೆ ‘ಪ್ರತಿಕೂಲ’ ಎಂಬಷ್ಟು ಬರೆದು ಬೆಚ್ಚಿಬಿದ್ದು ಹೊಡೆದುಹಾಕಿದಳಂತೆ. ಮನೆಗೆ ಬಂದು ಅಳುಮುಖ ಮಾಡಿಕೊಂಡು ಹೇಳಿದರೆ, ಗ್ರಾಫಪ್ಪನವರು ವಿದ್ಯೆ ರಕ್ತಕ್ಕೆ ಇಳಿಯುತ್ತಿದೆ ಎಂದು ಹಿಗ್ಗಿದರು.

ಪರೀಕ್ಷೆಯಲ್ಲಿ ಬಂದದ್ದು ಒಂದು ಗ್ರಂಥಾಲಯದ ಗ್ರಾಫ್. ಇಪ್ಪತ್ತು ವರ್ಷದಲ್ಲಿ ಮಕ್ಕಳು ಹೆಚ್ಚಾಗಿದ್ದರು, ದೊಡ್ಡವರು ಕಮ್ಮಿಯಾಗಿದ್ದರು. ಗೇಟಿನ ಹೊರಗೆ ಕಾಯುತ್ತಿದ್ದ ಗಂಡನಿಗೆ ಆಕೆ ತಾನು ಬರೆದದ್ದನ್ನು ಒಪ್ಪಿಸಿದಳು. ಗ್ರಾಫಪ್ಪನವರು ದಾರಿಯುದ್ದಕ್ಕೂ ಆಹಾ ಎಂದರು.

ಎರಡು ವಾರಕ್ಕೆ ಫಲಿತಾಂಶ ಬಂತು. ಕೇಳುವುದರಲ್ಲಿ ಎಂಟು, ಓದುವುದರಲ್ಲಿ ಏಳೂವರೆ, ಮಾತಿನಲ್ಲಿ ಏಳೂವರೆ. ಬರವಣಿಗೆಯಲ್ಲಿ ಐದೂವರೆ.

ಗ್ರಾಫಪ್ಪನವರ ಬಳಿ ಕಾರಣಗಳು ಸಿದ್ಧವಿದ್ದವು. ಹಾಲಿನ ಫ್ಯಾನು ಸದ್ದು ಮಾಡುತ್ತಿತ್ತು; ಮಾರ್ಕು ಹಾಕಿದವನಿಗೆ ಹೊಟ್ಟೆನೋವಿದ್ದಿರಬೇಕು. ಆಕೆ ಚಪ್ಪಲಿ ಮೆಟ್ಟಿ, ಅಭ್ಯಾಸದ ನೋಟ್‌ಬುಕ್ ಹಿಡಿದು ಮೇಡಂ ಮನೆಯ ಕಡೆ ಹೊರಟಳು. ಪರೀಕ್ಷೆ ನಡೆಸಿದವರ ತಪ್ಪನ್ನು ಮೇಡಂ ಬಾಯಿಂದಲೇ ಹೇಳಿಸಬೇಕೆಂದು ಗ್ರಾಫಪ್ಪನವರೂ ಹಿಂದೆಯೇ ನಡೆದರು.

ಮೇಡಂ ಆಕೆಯಿಂದ ಉತ್ತರವನ್ನು ನೆನಪಿನಿಂದ ಬರೆಸಿ ಓದತೊಡಗಿದರು. ದೊಡ್ಡವರ ಗೆರೆ ಇಳಿದದ್ದು ಕಪಾಟುಗಳ ದುರಸ್ತಿ, ನುರಿತ ಸಿಬ್ಬಂದಿಯ ಅಭಾವ ಹಾಗೂ ಪ್ರತಿಕೂಲ ಹವಾಮಾನದಿಂದ. ಇದಕ್ಕಾಗಿ ವಿಷಾದಿಸುತ್ತೇವೆ. ಮುಂದಿನ ತ್ರೈಮಾಸಿಕದಲ್ಲಿ ಓದುಗರನ್ನು ಮರಳಿ ತರಲು ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಮೇಡಂ ಕನ್ನಡಕ ತೆಗೆದರು. “ಅಮ್ಮಾ, ಈ ಲೈಬ್ರರಿ ನಿಮ್ಮದಾ?”

“ಅಲ್ಲ ಮೇಡಂ.”

“ಮತ್ತೆ ನೀವ್ಯಾಕೆ ಕ್ಷಮೆ ಕೇಳಿದೀರಿ?”

ಕಂಡದ್ದನ್ನು ಮಾತ್ರ ಬರೆಯಿರಿ ಎನ್ನುವುದೇ ಈ ಪ್ರಶ್ನೆಯ ಪ್ರಾಣ, ಚಿತ್ರದಲ್ಲಿಲ್ಲದ ಕಾರಣ ಕಟ್ಟಿದರೆ ಅಂಕ ಹೋಗುತ್ತದೆ ಎಂದು ಮೇಡಂ ತಾಳ್ಮೆಯಿಂದ ತಿಳಿಸಿದರು. ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಹೋದವರು, ಕೆಂಪು ಗೀಟು ಬಿದ್ದ ಮೊದಲ ಪುಟದಲ್ಲಿ ನಿಂತರು.

“ಇದನ್ನ ಬರೆದಿದ್ದು?”

“ನಾನೇ.”

“ಇದಕ್ಕೆ ಸಲೀಸಾಗಿ ಏಳು ಬರ್ತಿತ್ತಲ್ಲ. ಹೊಡೆದು ಹಾಕಿದ್ದು ಯಾರು?”

ಆಕೆ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಗ್ರಾಫಪ್ಪನವರು ಎದೆನೋವು ಬಂದವರ ಹಾಗೆ ಅಂಗಿಯ ಜೇಬಿನ ಮೇಲೆ ಕೈ ಮುಚ್ಚಿಕೊಂಡರು. ಕೆಂಪು ಪೆನ್ನು ಅಲ್ಲೇ ಇತ್ತು.

ಮುಂದಿನ ಪರೀಕ್ಷೆಯ ತಾರೀಖು ಹೊರದೇಶದ ಆಸ್ಪತ್ರೆಯ ಗಡುವಿನ ಆಚೆಗೆ ಬಿದ್ದಿತ್ತು. ಒಂದು ತಿಂಗಳು ಅವಕಾಶ ಕೊಡಿ ಎಂದು ಆಕೆ ಬರೆದಳು. ಎರಡೇ ಸಾಲಿನ ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ, ಹುದ್ದೆ ಭರ್ತಿಯಾಗಿದೆ. ಅದರಲ್ಲಿ ಕಾರಣ ಒಂದೂ ಇರಲಿಲ್ಲ. ಆ ವಾರವೇ ಇಲ್ಲಿಯ ವಾರ್ಡಿನ ಕುರ್ಚಿಗೆ ನಾಲ್ಕನೇ ಹುಡುಗಿ ಬಂದಳು. ಬೀರುಗಳ ಕೀಲಿ ಯಾವುದು ಯಾವುದಕ್ಕೆ ಎಂದು ತೋರಿಸಿಕೊಟ್ಟವಳು ಈಕೆಯೇ.

ಗ್ರಾಫಪ್ಪನವರಿಗೂ ನಾಟಿತು ಎನ್ನಬೇಕು. ಆ ತಿಂಗಳ ವರದಿಯಲ್ಲಿ ‘ಉತ್ಪಾದನೆ ಇಳಿದಿದೆ’ ಎಂದಷ್ಟೇ ಬರೆದು ಕಳಿಸಿದರು. ಅರ್ಧ ಗಂಟೆಯಲ್ಲಿ ಮೇಲಿನಿಂದ ಹಾಳೆ ವಾಪಸ್ಸು ಬಂತು, ಕಾರಣ ಎಲ್ಲಿ ಎಂದು. ಗ್ರಾಫಪ್ಪನವರು ಒಂದು ಲೋಟ ನೀರು ಕುಡಿದು, ಪ್ರತಿಕೂಲ ಹವಾಮಾನ ಎಂದು ಬರೆದುಕೊಟ್ಟು ಮನೆಗೆ ಬಂದರು.

ಆಕೆ ಮರುದಿನದ ಡ್ಯೂಟಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಇವರು ಬಂದು ಬಾಗಿಲಲ್ಲಿ ನಿಂತರು. ಮೂರು ದಿನದಿಂದ ಒಂದು ಅನುಮಾನ ಅವರನ್ನು ಕೊರೆಯುತ್ತಿತ್ತು. ಹೆಂಡತಿ ತನ್ನನ್ನು ಖಳನಾಯಕ ಎಂದುಕೊಂಡಿದ್ದಾಳೇನೋ ಎಂಬ ಭಯ. ಅದರ ಅಡಿಯಲ್ಲಿ, ಹಾಗಾದರೂ ಅಂದುಕೊಳ್ಳಲಿ ಎಂಬ ಒಂದಿಷ್ಟು ಆಸೆ. ಖಳನಾಯಕನಿಗೆ ಬುದ್ಧಿಯಾದರೂ ಇರುತ್ತದಲ್ಲ.

“ನೀನು ಹೋಗೋದು ನನಗೆ ಒಳಗೊಳಗೇ ಇಷ್ಟ ಇರಲಿಲ್ಲ, ಅದಕ್ಕೆ ಬೇಕು ಅಂತಲೇ ತಪ್ಪು ಹೇಳಿಕೊಟ್ಟೆ ಅಂತೇನಾದ್ರೂ ಅಂದ್ಕೊಂಡಿದೀಯೇನೇ?”

ಆಕೆ ಕಾಲರನ್ನು ತಿರುಗಿಸಿ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದಳು.

“ಇಲ್ಲ ರೀ. ಬೇಕು ಅಂತ ತಪ್ಪು ಹೇಳಿಕೊಡೋಕೆ, ಸರಿ ಯಾವುದು ಅಂತ ಗೊತ್ತಿರಬೇಕು.”